ಎಣಿಸಿದರೆ ನೂರು, ಅಗೆದರೆ ಒಂದು

(ಈ ಮಳೆಗಾಲದಲ್ಲಿ ಶಿರಸಿ ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿ, ತೋಟ ಮಾಡುವವರ ಮುಂದೆ ಆಡಿದ ಮಾತು ಇದು. ಆಡಿದ್ದನ್ನು ಹೆಚ್ಚು ತಿದ್ದದೆ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಕೊಡೆ ಹಿಡಿದುಕೊಂಡು ಇಷ್ಟು ಜನ ಬಂದಿದ್ದೀರಿ, ಖುಷಿಯಾಯಿತು.

ಮೊದಲು ಈ ಮೇಜಿನ ಮೇಲೆ ಇರುವುದನ್ನು ನೋಡಿ. ಇವತ್ತು ಬೆಳಿಗ್ಗೆ ನಮ್ಮ ತೋಟದ ಕಾಲುವೆ ಬದಿಯಿಂದ ತಂದ ಒಂದೆಲಗ. ತಂಬುಳಿಗೆ ಕೊಯ್ಯುವಾಗ ನಾವು ಎಲೆ ಚಿವುಟುತ್ತೇವೆ, ಅಲ್ವಾ? ನಾನು ಇವತ್ತು ಎಲೆ ಚಿವುಟಲಿಲ್ಲ. ಒಂದು ಗಿಡದ ಬುಡಕ್ಕೆ ಬೆರಳು ಹಾಕಿ, ಕೆಂಪು ನೂಲಿನಂಥ ಬಳ್ಳಿಯನ್ನು ಹಿಡಿದು, ತುಂಡಾಗದ ಹಾಗೆ ಮೆಲ್ಲಗೆ ಬಿಡಿಸುತ್ತಾ ಹೋದೆ. ಒಂದು ಗೇಣಿಗೊಂದು ಗಿಣ್ಣು. ಗಿಣ್ಣಿನ ಕೆಳಗೆ ಬಿಳಿ ಬೇರಿನ ಕುಚ್ಚು, ಮೇಲೆ ಮೂರು ನಾಲ್ಕು ಎಲೆ. ಅಲ್ಲಿಂದ ಮತ್ತೆ ಬಳ್ಳಿ, ಮತ್ತೆ ಗಿಣ್ಣು. ಒಂದೂವರೆ ಮಾರು ಬಿಡಿಸುವಷ್ಟರಲ್ಲಿ 11 ಗಿಡ ಸಿಕ್ಕಿತು. ಆಮೇಲೆ ಬಳ್ಳಿ ಕಲ್ಲಿನ ಸಂದಿಗೆ ಹೋಯಿತು, ಅಲ್ಲಿಗೆ ಬಿಟ್ಟೆ.

ಈಗ ಹೇಳಿ, ಇಲ್ಲಿ ಎಷ್ಟು ಗಿಡ ಇವೆ?

(ಹಿಂದಿನ ಸಾಲಿನ ಹುಡುಗಿಯೊಬ್ಬಳು "ಹನ್ನೊಂದು" ಎಂದಳು. ಅವಳ ಪಕ್ಕದಲ್ಲಿದ್ದ ಅಜ್ಜಿ "ಒಂದೇ ಅಲ್ದನೆ ತಂಗೀ" ಎಂದರು.)

ಇಬ್ಬರೂ ಸರಿ. ಇವತ್ತು ನಾನು ಹೇಳಬೇಕೆಂದು ಬಂದದ್ದೂ ಇದನ್ನೇ. ಕೆಲವು ಜೀವಗಳು ಬೀಜ ಹಾಕಿ ಮಕ್ಕಳನ್ನು ದೂರಕ್ಕೆ ಕಳಿಸುತ್ತವೆ. ಇನ್ನು ಕೆಲವು ತಾವೇ ನಡೆಯುತ್ತವೆ. ಬುಡದಿಂದ ಮತ್ತೊಂದು ಬುಡ, ಗಿಣ್ಣಿನಿಂದ ಮತ್ತೊಂದು ಗಿಣ್ಣು. ಮೇಲಿಂದ ನೋಡಿದರೆ ಒಂದು ಊರೇ ಇದ್ದ ಹಾಗೆ ಕಾಣುತ್ತದೆ. ಮಣ್ಣಿನೊಳಗೆ ಎಲ್ಲವೂ ಒಂದೇ ಒಡಲು. ತವರಿನ ವಂಶ ಹೊಳೆದಂಡೆಯ ಗರಿಕೆಯ ಹಾಗೆ ಹಬ್ಬಲಿ ಎಂದು ನಮ್ಮ ಹೆಂಗಸರು ಹಾರೈಸುತ್ತಾ ಬಂದಿದ್ದಾರಲ್ಲ, ಅವರು ಗರಿಕೆಯನ್ನು ಎಷ್ಟು ಸರಿಯಾಗಿ ನೋಡಿದ್ದರು! ಗರಿಕೆ ನೆಲದ ಮೇಲೂ ಹರಿಯುತ್ತದೆ, ಒಳಗೂ ಹರಿಯುತ್ತದೆ. ಮೇಲಿನದು ಒಣಗಿದರೆ ಒಳಗಿನದು ಮಳೆಗೆ ಕಾಯುತ್ತದೆ.

ಹೀಗೆ ಒಂದೇ ಮೂಲದಿಂದ, ಬೀಜದ ಹಂಗಿಲ್ಲದೆ ಬಂದ ಗಿಡಗಳಿಗೆ ಕ್ಲೋನ್ ಎನ್ನುತ್ತಾರೆ. ಕ್ಲೋನ್ ಎಂದ ತಕ್ಷಣ ಎಲ್ಲರಿಗೂ ಪ್ರಯೋಗಾಲಯದ ಕುರಿ ನೆನಪಾಗುತ್ತದೆ. ಆದರೆ ಈ ಮಾತು ಹುಟ್ಟಿದ್ದೇ ಕೃಷಿಯಲ್ಲಿ. 1903ರಲ್ಲಿ ಹರ್ಬರ್ಟ್ ವೆಬರ್ ಎಂಬ ಅಮೆರಿಕದ ಸಸ್ಯವಿಜ್ಞಾನಿ, ಗಡ್ಡೆ, ಕಸಿ, ಬಳ್ಳಿ ತುಂಡುಗಳಿಂದ ಬೆಳೆಸುವ ಗಿಡಗಳಿಗೆ ಒಂದು ಹೆಸರು ಬೇಕೆಂದು ಗ್ರೀಕ್ ಭಾಷೆಯಿಂದ ಇದನ್ನು ಎತ್ತಿಕೊಂಡರು. ಅಲ್ಲಿ ಅದಕ್ಕೆ ಚಿಕ್ಕ ಕೊಂಬೆ ಎಂದು ಅರ್ಥ. ಅಂದರೆ ಇದು ನಿಮ್ಮದೇ ಮಾತು, ತೋಟಿಗರ ಮಾತು.

ನಮ್ಮ ಅಡಿಕೆ ತೋಟವನ್ನೇ ಒಮ್ಮೆ ಹೀಗೆ ನೋಡಿ. ಅಡಿಕೆ ಬೀಜದಿಂದ ಬಂದದ್ದು. ಗೋಟು ಆರಿಸಿ, ಸಸಿ ಮಾಡಿ ನೆಟ್ಟದ್ದು. ಒಂದು ಮರದ ಹಾಗೆ ಇನ್ನೊಂದು ಇಲ್ಲ. ಅದರ ಕೆಳಗೆ ಬನ್ನಿ. ಬಾಳೆ ಕಂದಿನಿಂದ ಬಂತು. ಕಾಳುಮೆಣಸು ಬಳ್ಳಿ ತುಂಡಿನಿಂದ ಬಂತು. ವೀಳ್ಯದೆಲೆಯೂ ಅಷ್ಟೇ. ಅರಿಶಿನ, ಶುಂಠಿ, ಕೆಸು ಗಡ್ಡೆಯಿಂದ. ಶುಂಠಿ ಗಡ್ಡೆಯನ್ನೇ ನಾವು "ಶುಂಠಿ ಬೀಜ" ಎನ್ನುತ್ತೇವೆ. ನಿಜವಾದ ಶುಂಠಿ ಬೀಜವನ್ನು ಇಲ್ಲಿ ಯಾರಾದರೂ ನೋಡಿದ್ದೀರಾ? ನಾನೂ ನೋಡಿಲ್ಲ. ಶುಂಠಿ ನಮ್ಮ ಹೊಲಗಳಲ್ಲಿ ಬೀಜ ಕಟ್ಟುವುದನ್ನೇ ಮರೆತಿದೆ. ಮನುಷ್ಯ ಮುರಿದು ನೆಟ್ಟದ್ದರಿಂದಲೇ ಅದು ಸಾವಿರಾರು ವರ್ಷ ನಡೆದು ಬಂದಿದೆ. ಒಂದೇ ತೋಟದಲ್ಲಿ ಮೇಲಂತಸ್ತು ಬೀಜದ ಜನ, ಕೆಳಗಿನ ಅಂತಸ್ತೆಲ್ಲಾ ಕ್ಲೋನುಗಳು. ದಿನಾ ಓಡಾಡುವ ಜಾಗ, ನನಗೆ ಇದು ಹೊಳೆದದ್ದು ಮಾತ್ರ ತೀರಾ ತಡವಾಗಿ.

ಬಾಳೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನಾವು ಬಾಳೆಮರ ಎನ್ನುವುದು ಮರ ಅಲ್ಲ, ಎಲೆಯ ಬುಡಗಳನ್ನು ಒಂದರ ಮೇಲೊಂದು ಸುತ್ತಿದ ಸುರುಳಿ. ನಿಜವಾದ ಕಾಂಡ ಮಣ್ಣಿನೊಳಗಿನ ಗಡ್ಡೆ. ಅದರ ಮೈಮೇಲೆ ಅಲ್ಲಲ್ಲಿ ಕಣ್ಣು. ಒಂದೊಂದು ಕಣ್ಣೂ ಒಂದು ಕಂದು. ಕಂದಿನಲ್ಲಿ ಎರಡು ಬಗೆ ನಿಮಗೇ ಗೊತ್ತು. ಕತ್ತಿಯ ಹಾಗೆ ಚೂಪು ಎಲೆ ಬಿಡುವುದು ಒಂದು, ಚಿಕ್ಕದಿರುವಾಗಲೇ ಅಗಲ ಎಲೆ ಬಿಡುವುದು ಇನ್ನೊಂದು. ನಾವು ಚೂಪು ಎಲೆಯದನ್ನೇ ಆರಿಸುತ್ತೇವೆ, ಅಗಲ ಎಲೆಯದು ಏಳಿಗೆ ಆಗುವುದಿಲ್ಲ ಎನ್ನುತ್ತೇವೆ. ಕಾರಣ ಏನು ಅಂದರೆ, ಚೂಪು ಎಲೆಯ ಕಂದು ತಾಯಿ ಗಡ್ಡೆಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಊಟ ತಾಯಿಯಿಂದ ಬರುತ್ತದೆ. ಎಲೆ ಅಗಲ ಮಾಡಿ ಬಿಸಿಲು ಹಿಡಿಯುವ ಅವಸರ ಅದಕ್ಕಿಲ್ಲ, ಬುಡ ದಪ್ಪ ಮಾಡುತ್ತಾ ಕೂರುತ್ತದೆ. ಅಗಲ ಎಲೆಯದಕ್ಕೆ ತಾಯಿಯ ಜೊತೆ ಸಂಬಂಧ ತೆಳು. ಹೊಟ್ಟೆಪಾಡಿಗೆ ತಾನೇ ದುಡಿಯಬೇಕು, ಅದಕ್ಕೇ ಚಿಕ್ಕಂದಿನಲ್ಲೇ ಎಲೆ ಅಗಲಿಸುತ್ತದೆ.

ತಾಯಿ ಗೊನೆ ಹಾಕಿ ಸಾಯುತ್ತದೆ. ಬುಡ ಸಾಯುವುದಿಲ್ಲ.

ಇದಕ್ಕೆ ಪೂರ್ತಿ ಉಲ್ಟಾ ಇರುವುದು ನಮ್ಮ ಘಟ್ಟದ ಕಲ್ಲುಬಾಳೆ. ಬಂಡೆಯ ಸಂದಿಯಲ್ಲಿ, ಹತ್ತಲಾಗದ ಜಾಗದಲ್ಲಿ ಬೆಳೆಯುತ್ತದಲ್ಲ, ಅದು. ಅದಕ್ಕೆ ಕಂದೇ ಇಲ್ಲ. ಬೇಸಗೆಯಲ್ಲಿ ಎಲೆ ಉದುರಿಸಿ ಗಡ್ಡೆಯಾಗಿ ಕೂತಿರುತ್ತದೆ, ಮಳೆಗೆ ಏಳುತ್ತದೆ. ಕೆಲವು ವರ್ಷ ಹೀಗೆ ಕಳೆದು ಒಂದೇ ಒಂದು ಸಲ ಗೊನೆ ಹಾಕಿ, ಗಡ್ಡೆ ಸಮೇತ ಸತ್ತುಹೋಗುತ್ತದೆ. ಹಣ್ಣಿನ ತುಂಬಾ ಕಲ್ಲಿನಂಥ ಕಪ್ಪು ಬೀಜ. ಅಷ್ಟೇ ಅದು ಬಿಟ್ಟುಹೋಗುವ ಆಸ್ತಿ. ತೋಟದ ಬಾಳೆಗೆ ಬೀಜ ಇಲ್ಲ, ಕಂದಿದೆ. ಕಲ್ಲುಬಾಳೆಗೆ ಕಂದಿಲ್ಲ, ಬೀಜ ಇದೆ. ಎರಡೂ ಒಂದೇ ಕುಟುಂಬದವು.

ಇನ್ನು ಬಿದಿರು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ನಮ್ಮ ಜಿಲ್ಲೆಯದೇ ಒಂದು ಪಾಠ ಇದೆ.

ಬಿದಿರಿನ ಮೆಳೆ ಎಂದರೆ ಒಂದೇ ಗಿಡ. ನೂರು ಗಳ ಇರಬಹುದು, ಕೆಳಗೆ ಗಡ್ಡೆ ಒಂದಕ್ಕೊಂದು ಹೆಣೆದುಕೊಂಡಿರುತ್ತದೆ. ಹೊಸ ಗಳ ಹುಟ್ಟುವುದು ಮೆಳೆಯ ಹೊರಸುತ್ತಿನಲ್ಲಿ, ಈಗ, ಈ ಮಳೆಯಲ್ಲಿ. ಅದೇ ನಮ್ಮ ಕಳಲೆ. ಕಳಲೆಗೆ ಎಲೆ ಇರುವುದಿಲ್ಲ. ಆದರೂ ಒಂದೇ ಮಳೆಗಾಲದಲ್ಲಿ ಅದು ಹಿರಿಯ ಗಳಗಳ ಎತ್ತರಕ್ಕೆ ಹೋಗಿಬಿಡುತ್ತದೆ. ಎಲೆ ಇಲ್ಲದೆ ಅಷ್ಟು ಬೆಳೆಯಲು ಊಟ ಎಲ್ಲಿಂದ? ಹಳೆಯ ಗಳಗಳು ಗಡ್ಡೆಯ ಮೂಲಕ ಕಳಿಸಿದ್ದು. ಇಡೀ ಮೆಳೆ ಸೇರಿ ಕೂಸನ್ನು ಸಾಕಿದ್ದು.

ಆ ಕೂಸಿಗೆ ಶತ್ರುಗಳು ಬಹಳ. ದನ, ಮುಳ್ಳುಹಂದಿ, ಕಾಡುಹಂದಿ, ಮಂಗ, ಮತ್ತೆ ನಾವು. ಅದಕ್ಕೇ ಮುಳ್ಳುಬಿದಿರು ತನ್ನ ಬುಡದಲ್ಲಿ ಮುಳ್ಳಿನ ಜಿಗ್ಗು ಕಟ್ಟಿಕೊಳ್ಳುತ್ತದೆ. ಕೈ ಹಾಕಿದವರಿಗೆ ಗೊತ್ತು ಅದರ ಕಥೆ. 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಅವರ ಜೊತೆಯವರು ಉತ್ತರ ಕನ್ನಡದ ಬಿದಿರು ಯಾಕೆ ಕಡಿಮೆ ಆಗುತ್ತಿದೆ ಎಂದು ಹುಡುಕಲು ಬಂದರು. ಆಗ ಮೆಳೆಯ ಬುಡದ ಮುಳ್ಳನ್ನು ಕಡಿದು ಚೊಕ್ಕ ಮಾಡುವ ಪದ್ಧತಿ ಇತ್ತು. ಹಾಗೆ ಮಾಡಿದರೆ ಮೆಳೆ ಚೆನ್ನಾಗಿ ಬೆಳೆಯುತ್ತದೆ ಎಂಬ ನಂಬಿಕೆ. ಅವರು ಕಾಡಿನಲ್ಲಿ ಕೂತು ನೋಡಿದಾಗ ಕಂಡದ್ದೇ ಬೇರೆ. ಮುಳ್ಳು ತೆಗೆದ ಮೆಳೆಗಳಲ್ಲಿ ಕಳಲೆಯನ್ನು ದನ, ಪ್ರಾಣಿಗಳು ತಿಂದುಹಾಕುತ್ತಿದ್ದವು. ಹೊಸ ಗಳ ಏಳುತ್ತಲೇ ಇರಲಿಲ್ಲ. ಊರಿನವರಿಗೆ ಇದು ಮೊದಲೇ ಗೊತ್ತಿತ್ತು. ಅವರನ್ನು ಕೇಳಿದವರು ಇರಲಿಲ್ಲ.

ಈಗ ಇದರ ಪಕ್ಕದಲ್ಲಿ ಇನ್ನೊಂದು ಕಥೆ ಇಡುತ್ತೇನೆ. ಅಮೆರಿಕದ ಯೂಟಾ ರಾಜ್ಯದಲ್ಲಿ ಒಂದು ಕಾಡಿದೆ. ಆಸ್ಪೆನ್ ಎಂಬ ಮರ, ಗಾಳಿಗೆ ಎಲೆ ಪಟಪಟ ಅಲುಗುತ್ತದೆ, ನಮ್ಮ ಅರಳಿಯ ಹಾಗೆ. ಸುಮಾರು 47,000 ಮರ, 43 ಹೆಕ್ಟೇರ್, ಅಂದರೆ ನೂರು ಎಕರೆಗೂ ಜಾಸ್ತಿ. ಎಲ್ಲವೂ ಒಂದೇ ಬೇರಿನಿಂದ ಎದ್ದದ್ದು. ಅದಕ್ಕೆ ಪಾಂಡೋ ಎಂದು ಹೆಸರಿಟ್ಟಿದ್ದಾರೆ. ಲ್ಯಾಟಿನ್‌ನಲ್ಲಿ ಹಾಗೆಂದರೆ "ಹಬ್ಬುತ್ತೇನೆ" ಎಂದು. ತೂಕ ಸುಮಾರು 6,000 ಟನ್ ಇರಬಹುದೆಂದು ಅಂದಾಜು. ಒಂದೊಂದು ಮರ ನೂರು ನೂರಿಪ್ಪತ್ತು ವರ್ಷ ಬಾಳಿ ಸಾಯುತ್ತದೆ, ಬೇರು ಮಾತ್ರ ಸಾವಿರಾರು ವರ್ಷದ್ದು.

ಆ ಪಾಂಡೋ ಈಗ ಸೊರಗುತ್ತಿದೆ. ಅದನ್ನು ಯಾರೂ ಕಡಿದು ಸಾಗಿಸುತ್ತಿಲ್ಲ. ಜಿಂಕೆ, ದನಗಳು ಬೇರಿನಿಂದೇಳುವ ಎಳೆಯ ಚಿಗುರನ್ನು ಏಳುತ್ತಿದ್ದ ಹಾಗೇ ತಿನ್ನುತ್ತಿವೆ. ಮುದಿ ಮರಗಳು ಬೀಳುತ್ತಿವೆ, ಆ ಜಾಗಕ್ಕೆ ಎಳೆಯವು ಇಲ್ಲ. ಕೆಲವು ಭಾಗಕ್ಕೆ ಬೇಲಿ ಹಾಕಿದ್ದಾರೆ. ಬೇಲಿ ಸರಿಯಾಗಿ ನಿಂತ ಕಡೆ ಚಿಗುರು ಎದ್ದಿದೆ. ಯೂಟಾದ ಬೇಲಿಯೂ ನಮ್ಮ ಬಿದಿರಿನ ಮುಳ್ಳೂ ಮಾಡುವ ಕೆಲಸ ಒಂದೇ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಸಾವಿರಾರು ವರ್ಷದ ಒಡಲೊಂದನ್ನು ಕೊಲ್ಲಲು ಕೊಡಲಿಯೇ ಬೇಡ, ಅದರ ಎಳೆಯದನ್ನು ಉಳಿಯಲು ಬಿಡದಿದ್ದರೆ ಸಾಕು.

ಬಿದಿರಿಗೆ ಕಟ್ಟೆ ಬರುವುದನ್ನು ಹಿರಿಯರು ನೋಡಿದ್ದೀರಿ. ಹತ್ತಾರು ವರ್ಷ ಸುಮ್ಮನಿದ್ದು, ಒಮ್ಮೆಲೇ ಹೂ ಬಿಟ್ಟು, ಬಿದಿರಕ್ಕಿ ಉದುರಿಸಿ, ಇಡೀ ಮೆಳೆ ಸಾಯುತ್ತದೆ. ಒಂದು ಮೆಳೆಯ ಗಡ್ಡೆಯನ್ನು ಅಗೆದು ದೂರದ ಊರಲ್ಲಿ ನೆಟ್ಟರೂ ಸಾಮಾನ್ಯವಾಗಿ ತಾಯಿ ಹೂ ಬಿಡುವ ಕಾಲಕ್ಕೇ ಅದೂ ಹೂ ಬಿಡುತ್ತದೆ. ನಾವು ಹೊಸ ಗಿಡ ಎಂದುಕೊಂಡಿರುತ್ತೇವೆ. ಗಡ್ಡೆಗೆ ತನ್ನ ವಯಸ್ಸು ನೆನಪಿರುತ್ತದೆ.

ಘಟ್ಟ ಇಳಿದು ಕಾರವಾರದ ಕಡೆ ಹೋದರೂ ಇದೇ ಆಟ. ಕಡಲ ದಂಡೆಯ ಮರಳ ಮೇಲೆ ಅಡುಂಬು ಬಳ್ಳಿ ಹರಿಯುತ್ತದೆ, ನೇರಳೆ ಹೂವಿನದು, ಆಡಿನ ಗೊರಸಿನಂಥ ಎಲೆ. ಗಿಣ್ಣು ಗಿಣ್ಣಿಗೂ ಬೇರು ಬಿಟ್ಟು ಮರಳನ್ನು ಹಿಡಿಯುತ್ತದೆ. ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ನಡುಗಡ್ಡೆಗೆ ಹೋಗಿ ನೀರಿಗೆ ಮುಳುಗಿದವರು ಹವಳ ನೋಡಿರುತ್ತಾರೆ. ಕಲ್ಲಿನಂತೆ ಕಾಣುವ ಹವಳದ ಒಂದು ಗುಂಪು ಎಂದರೆ ಸಾವಿರಾರು ಪುಟ್ಟ ಪ್ರಾಣಿಗಳು. ಕಡಲಲ್ಲಿ ತೇಲಿ ಬಂದ ಒಂದೇ ಮರಿ ಬಂಡೆಗೆ ಅಂಟಿ, ಮೊಗ್ಗೊಡೆದು ಎರಡಾಗಿ, ನಾಲ್ಕಾಗಿ, ಹೀಗೆ ಬೆಳೆದದ್ದು. ಅಣಬೆಯಲ್ಲೂ ಇದೆ. ಅಮೆರಿಕದ ಓರೆಗಾನ್ ಕಾಡಿನ ಒಂದು ಅಣಬೆ ಮಣ್ಣಿನೊಳಗೆ ಸುಮಾರು 2,400 ಎಕರೆ ಹಬ್ಬಿದೆ. ಆಸ್ಟ್ರೇಲಿಯಾದ ಶಾರ್ಕ್ ಬೇ ಕೊಲ್ಲಿಯಲ್ಲಿ 180 ಕಿಲೋಮೀಟರ್ ಉದ್ದಕ್ಕೆ ಹಬ್ಬಿದ ಕಡಲಹುಲ್ಲು ಒಂದೇ ಗಿಡ ಎಂದು 2022ರಲ್ಲಿ ತಿಳಿಯಿತು. 180 ಕಿಲೋಮೀಟರ್ ಅಂದರೆ ಕಾರವಾರದಿಂದ ಹೊರಟು ಭಟ್ಕಳ ದಾಟಿ ಇನ್ನೂ ಮುಂದೆ ಹೋಗಬೇಕು. ಅಷ್ಟುದ್ದಕ್ಕೂ ಒಂದೇ ಗಿಡ!

ಹಬ್ಬುವ ಶಕ್ತಿ ಕಳೆಗಳ ಕೈಯಲ್ಲಿದ್ದರೆ ಏನಾಗುತ್ತದೆ ಎಂಬುದು ಕೊನ್ನಾರಿ ಗಡ್ಡೆ ಇರುವ ಗದ್ದೆಯವರಿಗೆ ಹೇಳಬೇಕಾಗಿಲ್ಲ. ಅದರ ಗಡ್ಡೆಗಳು ನೆಲದೊಳಗೆ ಮಣಿಸರದ ಹಾಗೆ ಇರುತ್ತವೆ. ಸರ ಇಡಿಯಾಗಿ ಇರುವಷ್ಟು ದಿನ ತುದಿಯ ಗಡ್ಡೆ ಉಳಿದವನ್ನು ತಡೆದು ಹಿಡಿದಿರುತ್ತದೆ. ನಾವು ಸಿಟ್ಟಿನಿಂದ ಗುದ್ದಲಿ ಹಾಕಿ ಸರವನ್ನು ಕಡಿಯುತ್ತೇವೆ. ಅಲ್ಲಿಗೆ ತಡೆ ತಪ್ಪಿತು. ಒಂದೊಂದು ಮಣಿಯೂ ಒಂದೊಂದು ಗಿಡ.

ಕೆರೆಗಳಲ್ಲಿ ಹಬ್ಬುವ ಸಾಲ್ವೀನಿಯಾ ಎಂಬ ತೇಲುವ ಕಳೆ ಇದೆ. ಬ್ರೆಜಿಲ್ ಮೂಲದ್ದು. ಅದು ಬಂಜೆ, ಸಂತಾನಕ್ಕೆ ದಾರಿಯೇ ಇಲ್ಲ. ಮುರಿದ ತುಂಡುಗಳಿಂದಲೇ ಲೋಕವೆಲ್ಲ ಹಬ್ಬಿದೆ. 1980ರ ದಶಕದಲ್ಲಿ ಬೆಂಗಳೂರಿನ ಒಂದು ಕೊಳಕ್ಕೆ ಅದೇ ಬ್ರೆಜಿಲ್ ಮೂಲದ ಒಂದು ಪುಟ್ಟ ಮೂತಿಹುಳುವನ್ನು ತಂದು ಬಿಟ್ಟರು. ವರ್ಷ ತುಂಬುವುದರೊಳಗೆ ಕೊಳ ತಿಳಿಯಾಯಿತು. ಹುಳಕ್ಕೆ ಒಂದು ಗಿಡ ರುಚಿಸಿತು ಎಂದರೆ ಎಲ್ಲವೂ ರುಚಿಸಿದ ಹಾಗೇ, ಎಲ್ಲವೂ ಒಂದೇ ಮೈ ತಾನೇ?

ಕಳೆಯ ವಿಷಯದಲ್ಲಿ ನಮಗೆ ಒಳ್ಳೆಯದಾದ ಈ ಗುಣವೇ ಬೆಳೆಯ ವಿಷಯದಲ್ಲಿ ನಮ್ಮನ್ನು ಮುಳುಗಿಸುತ್ತದೆ. ಇದನ್ನು ನಾನು ನಮ್ಮ ಮನೆಯಲ್ಲೇ ನೋಡಿದ್ದೇನೆ.

ನನಗೆ ಆಗ 12 ವರ್ಷ. ಅಪ್ಪ ಕೆಳಗಿನ ತೋಟದಲ್ಲಿ ಏಲಕ್ಕಿ ಹಾಕಬೇಕೆಂದು, ಪರಿಚಯದ ಒಬ್ಬರ ತೋಟದಿಂದ ಗಡ್ಡೆ ತಂದರು. ಬೀಜದ ಸಸಿಗಿಂತ ಬೇಗ ಫಲ ಬರುತ್ತದೆ, ತಾಯಿ ಗಿಡದ ಗುಣವೂ ಹಾಗೇ ಬರುತ್ತದೆ ಎಂಬುದು ಲೆಕ್ಕ. ಲೆಕ್ಕ ತಪ್ಪಲ್ಲ. ಕೊಟ್ಟವರು ಒಳ್ಳೆಯ ಬುಡವನ್ನೇ ಒಡೆದು ಕೊಟ್ಟಿದ್ದರು. ಮಾರನೇ ವರ್ಷ ಸುಳಿ ಎಲೆಯ ಮೇಲೆ ತಿಳಿಹಸಿರು ಗೀರು ಕಂಡಿತು. ನಡುನರದಿಂದ ಅಂಚಿಗೆ, ಒಂದರ ಪಕ್ಕ ಒಂದು, ಬಾಚಣಿಗೆಯಲ್ಲಿ ಎಳೆದ ಹಾಗೆ. ನನಗೆ ಅದು ಚಂದ ಕಂಡಿತ್ತು. ಅಜ್ಜನಿಗೆ ತೋರಿಸಿದೆ. ಅಜ್ಜ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಮಾತಾಡದೆ ಮನೆಗೆ ನಡೆದರು. ಕಟ್ಟೆ ರೋಗ. ಮೂರು ವರ್ಷದಲ್ಲಿ ಆ ತೋಟದ ಏಲಕ್ಕಿ ಪೂರ್ತಿ ಹೋಯಿತು.

ಕಟ್ಟೆ ಎಂಬ ನಮ್ಮ ಕನ್ನಡದ ಮಾತನ್ನೇ ಲೋಕದ ವಿಜ್ಞಾನಿಗಳೂ ಆ ರೋಗಕ್ಕೆ ಇಟ್ಟುಕೊಂಡಿದ್ದಾರೆ. ಅದು ವೈರಸ್ಸಿನಿಂದ ಬರುವುದು. ಒಮ್ಮೆ ಬುಡಕ್ಕೆ ಸೇರಿದರೆ ಆ ಬುಡದಿಂದ ಏಳುವ ಪ್ರತಿ ಮರಿಗೂ ಹೋಗುತ್ತದೆ. ಗಡ್ಡೆ ಒಡೆದು ಹತ್ತು ಮನೆಗೆ ಕೊಟ್ಟರೆ ಹತ್ತು ಮನೆಗೂ ಹೋಗುತ್ತದೆ. ಗಿಡದಿಂದ ಗಿಡಕ್ಕೆ ಸಾಗಿಸುವುದು ಎಲೆಯ ಬುಡದಲ್ಲಿ ಕೂರುವ ಸಣ್ಣ ಕಂದು ಬಣ್ಣದ ಗಿಡಹೇನು. ಇನ್ನೊಂದು ವಿಷಯ ಕೇಳಿ. ಆ ಗಿಡಹೇನೂ ಕ್ಲೋನೇ! ಹೆಣ್ಣು ಹೇನು ಗಂಡಿನ ಸಹವಾಸವಿಲ್ಲದೆ ತನ್ನಂಥದೇ ಹೆಣ್ಣು ಮರಿಗಳನ್ನು ಜೀವಂತ ಹಾಕುತ್ತಾ ಹೋಗುತ್ತದೆ.

ಆದರೆ ಕಟ್ಟೆ ರೋಗ ಬೀಜಕ್ಕೆ ದಾಟುವುದಿಲ್ಲ. ರೋಗದ ಗಿಡದ ಕಾಯಿಯಿಂದ ಸಸಿ ಮಾಡಿದರೂ ಸಸಿ ಹುಟ್ಟುವಾಗ ಶುದ್ಧವಾಗೇ ಹುಟ್ಟುತ್ತದೆ. ಬೀಜ ಎಂದರೆ ಗಿಡ ತನ್ನ ಹಳೆಯ ಕಾಯಿಲೆಗಳನ್ನು ಬಾಗಿಲಲ್ಲೇ ಬಿಟ್ಟು ಹೊಸದಾಗಿ ಶುರು ಮಾಡುವುದು. ಎಲ್ಲ ವೈರಸ್ಸಿಗೂ ಈ ಮಾತು ಹೊಂದುವುದಿಲ್ಲ, ಕಟ್ಟೆಗೆ ಹೊಂದುತ್ತದೆ. ಕಂದಿನಲ್ಲಿ ಗುಣವೂ ಬರುತ್ತದೆ, ಕಾಯಿಲೆಯೂ ಬರುತ್ತದೆ. ಅಪ್ಪನಿಗೆ ಆಗ ಇದನ್ನು ಯಾರಾದರೂ ಹೇಳಿದ್ದರೆ ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ಅದಕ್ಕೇ ಕರೆದಲ್ಲೆಲ್ಲಾ ಹೋಗಿ ಇದನ್ನು ಹೇಳುತ್ತೇನೆ.

ಬಾಳೆಯದು ಇದಕ್ಕಿಂತ ದೊಡ್ಡ ಕಥೆ. ಗ್ರೋ ಮಿಶೆಲ್ ಎಂಬ ಒಂದೇ ತಳಿಯನ್ನು ಮಧ್ಯ ಅಮೆರಿಕದ ತೋಟಗಳಲ್ಲಿ ಮೈಲಿಗಟ್ಟಲೆ ಬೆಳೆಸಿ ಲೋಕಕ್ಕೆಲ್ಲ ಮಾರುತ್ತಿದ್ದರು. ಪನಾಮಾ ಸೊರಗು ರೋಗ ಬಂತು. 1960ರ ಹೊತ್ತಿಗೆ ಆ ವ್ಯಾಪಾರವೇ ಮುಗಿಯಿತು. ಅದರ ಜಾಗಕ್ಕೆ ಕ್ಯಾವೆಂಡಿಶ್ ಬಂತು. ನಮ್ಮಲ್ಲಿ ಈಗ ಎಲ್ಲ ಕಡೆ ಹಾಕುತ್ತಿರುವ ಜಿ-9 ಅದೇ ಗುಂಪಿನದು. ಅದಕ್ಕೂ ಹಿಡಿಯುವ ಸೊರಗು ರೋಗದ ಹೊಸ ರೂಪ ಈಗ ಭಾರತಕ್ಕೂ ಬಂದಿದೆ. ನಂಜನಗೂಡಿನ ರಸಬಾಳೆ ಇದೇ ರೋಗದ ಹಳೆಯ ರೂಪಕ್ಕೆ ಸಿಕ್ಕಿ ಎಷ್ಟು ಕಡಿಮೆಯಾಯಿತು ಎಂಬುದು ನಿಮಗೆ ಗೊತ್ತೇ ಇದೆ. ಕ್ಲೋನ್ ಬೇಡ ಎಂದು ನಾನು ಹೇಳುವುದಿಲ್ಲ. ಬಾಳೆಗೆ ಬೇರೆ ದಾರಿಯೇ ಇಲ್ಲ. ಆದರೆ ಒಂದೇ ಕ್ಲೋನ್ ಬೇಡ. ಹಿಂದೆ ಒಂದೊಂದು ಹಿತ್ತಲಲ್ಲಿ ನಾಲ್ಕೈದು ಬಗೆ ಇರುತ್ತಿತ್ತು. ಕರಿಬಾಳೆ, ಮಿಟ್ಲಿ, ಸಕ್ಕರೆಬಾಳೆ, ಏಲಕ್ಕಿ ಬಾಳೆ. ಪಲ್ಯಕ್ಕೊಂದು, ಹಣ್ಣಿಗೊಂದು, ಎಲೆಗೊಂದು. ಒಂದಕ್ಕೆ ರೋಗ ಬಂದರೆ ಇನ್ನೊಂದು ನಿಲ್ಲುತ್ತಿತ್ತು. ನಿಮ್ಮ ಹಿತ್ತಲಲ್ಲಿ ಈಗ ಎಷ್ಟು ಬಗೆ ಇವೆ? ಮನೆಗೆ ಹೋಗಿ ಎಣಿಸಿ ನೋಡಿ.

(ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಕಾಡುಬಸಳೆಯ ಎಲೆಯನ್ನು ಪುಸ್ತಕದಲ್ಲಿಟ್ಟರೆ ಅಂಚಿನಲ್ಲಿ ಮರಿ ಬರುತ್ತದಲ್ಲ, ಅದೂ ಕ್ಲೋನಾ ಎಂದು ಶಾಲೆಯ ಹುಡುಗನೊಬ್ಬ ಕೇಳಿದ. ಹೌದು ಎಂದೆ. ಒಂದೇ ಬುಡದಿಂದ ಬಂದ ಗಿಡಗಳಲ್ಲಿ ಏನೇನೂ ವ್ಯತ್ಯಾಸ ಬರುವುದಿಲ್ಲವಾ ಎಂದು ಇನ್ನೊಬ್ಬರು ಕೇಳಿದರು. ಒಮ್ಮೊಮ್ಮೆ ಬರುತ್ತದೆ. ಕೆಂಪು ಚಂದ್ರಬಾಳೆಯ ಬುಡದಲ್ಲಿ ಇದ್ದಕ್ಕಿದ್ದ ಹಾಗೆ ಹಸಿರು ಗೊನೆ ಬರುವುದುಂಟು. ಕಣ್ಣೊಡೆಯುವಾಗ ಆಗುವ ಸಣ್ಣ ಬದಲಾವಣೆ ಅದು. ಎಷ್ಟೋ ತಳಿ ನಮಗೆ ಸಿಕ್ಕಿದ್ದು ಹಾಗೇ.)

ಕೊನೆಗೆ ಒಬ್ಬ ಅಕ್ಕ ಎದ್ದು ನಿಂತರು. "ನಮ್ಮನೆ ಬಾಳೆ ನಮ್ಮತ್ತೆ ತವರಿಂದ ತಂದಿದ್ದು. ಹಂಗಾದ್ರೆ ಅದರ ವಯಸ್ಸೆಷ್ಟು?" ಎಂದು ಕೇಳಿದರು. ಅತ್ತೆಯ ತವರಿಗೆ ಅದು ಎಲ್ಲಿಂದ ಬಂತು ಎಂದು ನಾನು ಕೇಳಿದೆ. ಅವರ ಅಜ್ಜಿ ಘಟ್ಟದ ಕೆಳಗಿನಿಂದ ತಂದಿದ್ದಂತೆ. ಅದಕ್ಕೂ ಹಿಂದಿನದು ಗೊತ್ತಿಲ್ಲ. ಹೆಸರು ಏನು ಎಂದರೆ, ಹೆಸರೂ ಗೊತ್ತಿಲ್ಲ. ಮನೆಯಲ್ಲಿ ಎಲ್ಲರೂ ಅತ್ತೆಬಾಳೆ ಎನ್ನುತ್ತಾರಂತೆ. ಹಾಗಾದರೆ ಆ ಗಿಡ ನಿಮ್ಮ ಮನೆಗಿಂತಲೂ, ನಿಮ್ಮತ್ತೆಯ ತವರುಮನೆಗಿಂತಲೂ ಹಳೆಯದು ಅಕ್ಕಾ, ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತೇ ಇದ್ದರು.

ಎರಡು ದಿನ ಬಿಟ್ಟು ಅವರ ಮಗ ಒಂದು ಕಂದು ತಂದುಕೊಟ್ಟ. ಚೂಪು ಎಲೆಯದೇ, ಬುಡಕ್ಕೆ ಕೆಮ್ಮಣ್ಣು ಮೆತ್ತಿತ್ತು. ಎಲೆಯ ಸಂದಿ ಬಿಡಿಸಿ ನೋಡಿದೆ, ಹೇನು ಇರಲಿಲ್ಲ. ಬೇರು ಸವರಿ, ಗಡ್ಡೆಯ ಅಡಿಯಿಂದ ತೆಳ್ಳಗೆ ಒಂದು ಹೋಳು ಕತ್ತರಿಸಿದೆ. ಸೊರಗು ಹಿಡಿದಿದ್ದರೆ ಒಳಗೆ ಕಂದು ಕೆಂಪು ಚುಕ್ಕಿ ಇರುತ್ತದೆ. ಮೊದಲ ಹೋಳು ತೆಗೆದು ಬೆಳಕಿಗೆ ಹಿಡಿದೆ. ಬೆಳ್ಳಗಿತ್ತು.